ಅಪ್ಪನ ದನಿಗೊಂದು ಲ್ಯಾಪ್‌ಟಾಪ್

ಮನೆ, ಅಡುಗೆಮನೆಯ ಮೇಜು
ಮಾರ್ಚ್ ಹದಿನೇಳು, ಮಂಗಳವಾರ

ಪ್ರೀತಿಯ ಚಿಕ್ಕೂ,

ಹೇಗಿದ್ದೀಯೋ? ಹಡಗಿನ ಇಂಜಿನ್ ಕೋಣೆಯ ಸೆಕೆಗೆ ಕತ್ತಿನ ಮೇಲೆ ಎದ್ದಿದ್ದ ಬೊಕ್ಕೆ ಮಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡು. ಅಪ್ಪನ ಗಂಟಲಿನ ಆಪರೇಷನ್ ಗಾಯ ಪೂರ್ತಿ ಒಣಗಿದೆ. ದನಿ ಮಾತ್ರ ಇನ್ನು ಬರುವುದಿಲ್ಲ ಎಂದು ಡಾಕ್ಟರು ಖಚಿತವಾಗಿ ಹೇಳಿಬಿಟ್ಟರು. ಕುಶಲ ಇಷ್ಟು. ಇನ್ನು ನಿನ್ನನ್ನು ಬೈಯುವ ಕೆಲಸಕ್ಕೆ ಬರುತ್ತೇನೆ.

ಆ ಪೆನ್‌ಡ್ರೈವ್ ಕಳಿಸುವಾಗ ಏನೆಂದಿದ್ದೆ? "ಲಿನಕ್ಸೂ ಇದರಲ್ಲೇ ಇದೆ, ಅಪ್ಪನ ಹಳೇ ರೆಕಾರ್ಡಿಂಗ್‌ನಿಂದ, ಟೈಪ್ ಮಾಡಿದ್ದನ್ನ ಅವರ ದನೀಲೇ ಹೇಳೋ ಪ್ರೋಗ್ರಾಮೂ ಇದೆ. ಯಾವುದಾದ್ರೂ ಲ್ಯಾಪ್‌ಟಾಪ್ ತಗೋ ಅಕ್ಕಾ, ನಡೆಯುತ್ತೆ." ಯಾವುದಾದರೂ! ಸಮುದ್ರದ ನಡುವೆ ಕೂತು ಹೇಳುವುದಕ್ಕೇನು? ಅಪ್ಪನನ್ನೂ ನಿನ್ನ ಭಾವನವರನ್ನೂ ಕರೆದುಕೊಂಡು ಹೋದ ಮೊದಲ ಅಂಗಡಿಯಲ್ಲಿ ಟೈ ಕಟ್ಟಿಕೊಂಡಿದ್ದವನು ಬಲು ವಿನಯದಿಂದ "ಲಿನಕ್ಸಾ? ಆ ಕಂಪನಿ ಮಾಲು ನಮ್ಮಲ್ಲಿಲ್ಲ ಮೇಡಂ" ಎಂದ. ಅದು ಲ್ಯಾಪ್‌ಟಾಪ್ ಅಲ್ಲಪ್ಪ, ಲ್ಯಾಪ್‌ಟಾಪಿನೊಳಗೆ ವಿಂಡೋಸ್ ಬದಲಿಗೆ ಹಾಕುವುದು ಎಂದು ವಿವರಿಸುವಷ್ಟರಲ್ಲಿ ನನ್ನ ಗಂಟಲೂ ಹೋಯಿತು. ಎರಡನೆಯ ಅಂಗಡಿಯವನು ನಾನು ಗೋಗರೆದ ಮೇಲೆ ಪೆನ್‌ಡ್ರೈವ್ ಹಾಕಲು ಬಿಟ್ಟ. ಪರದೆ ಬೆಳಗಿತು, ಅಕ್ಷರ ಮೂಡಿತು, ಸದ್ದೇ ಇಲ್ಲ. ತೀರಾ ಹೊಸ ಮಾದರಿಯಂತೆ, ಅದರ ಸ್ಪೀಕರಿಗೂ ಲಿನಕ್ಸಿಗೂ ಇನ್ನೂ ಪರಿಚಯವಾಗಿಲ್ಲವಂತೆ. "ಸೌಂಡ್ ಒಂದು ಬಿಟ್ರೆ ಎಲ್ಲಾ ಸೂಪರ್ ಮೇಡಂ!" ಮೂಕನಿಗೆ ಮೂಕ ಲ್ಯಾಪ್‌ಟಾಪ್ ಕೊಡಿಸಲೇ ನಾನು? ನಿನ್ನ ಭಾವನವರೋ, ಪಕ್ಕದಲ್ಲಿದ್ದ ಕೆಂಪು ಲ್ಯಾಪ್‌ಟಾಪನ್ನು ಸವರುತ್ತಾ "ಬಣ್ಣ ಚೆನ್ನಾಗಿದೆ ಅಲ್ವಾ?" ಎಂದರು. ಅಪ್ಪ ಸ್ಲೇಟಿನ ಮೇಲೆ "ಮನೆಗೆ ನಡಿ" ಎಂದು ಬರೆದು ನನ್ನ ಮುಖಕ್ಕೇ ಹಿಡಿದರು.

ಕೊನೆಗೆ ನೆಲಮಾಳಿಗೆಯ ಒಂದು ಅಂಗಡಿಗೆ ಹೋದೆವು. ಕಚೇರಿಗಳು ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪ್ ಮಾರುವ ಹೆಂಗಸಿನದು. "ನೀವೇ ಹಾಕಿ ನೋಡಿ. ಆದ್ರೆ ತಗೊಳ್ಳಿ, ಇಲ್ಲಾಂದ್ರೆ ಬಿಡಿ" ಎಂದು ತನ್ನ ಪಾಡಿಗೆ ಸ್ಕ್ರೂ ಬಿಚ್ಚುತ್ತಾ ಕೂತಳು. ಒಂದರಲ್ಲಿ ವೈಫೈ ಸಿಗಲಿಲ್ಲ. ಇನ್ನೊಂದರಲ್ಲಿ ಎಲ್ಲ ಸರಿಯಿತ್ತು, ಆದರೆ ಅಪ್ಪನ ದಪ್ಪ ಬೆರಳಿಗೆ ಒಂದೇಟಿಗೆ ಎರಡು ಕೀ ಒತ್ತಿಹೋಗುತ್ತಿತ್ತು. ಆಮೇಲೆ ಇಟ್ಟಿಗೆಯಂತೆ ಭಾರವಾದ, ಮೂಲೆ ಸವೆದ ಕಪ್ಪು ಲ್ಯಾಪ್‌ಟಾಪೊಂದನ್ನು ಅಪ್ಪ ತಾವೇ ಎಳೆದುಕೊಂಡರು. ಹುಡುಕಿ ಹುಡುಕಿ ಒತ್ತಿದರು. ಇದ್ದಕ್ಕಿದ್ದಂತೆ, ಬಸ್ ನಿಲ್ದಾಣದಲ್ಲಿ ಜೀವಮಾನವಿಡೀ ಘೋಷಣೆ ಮಾಡಿದ ಅದೇ ದನಿ: "ನನ್ನ ಮಗಳು ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ದಯವಿಟ್ಟು ಬೇಗ ಬಿಲ್ ಮಾಡಿ."

ಅಂಗಡಿಯಲ್ಲಿದ್ದವರೆಲ್ಲ ಮೈಕ್ ಎಲ್ಲಿದೆ ಎಂದು ಮೇಲೆ ನೋಡಿದರು. ನಾನು ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡೆ. ಭಾವನವರು ಇದರಲ್ಲೇ ಕೆಂಪು ಬಣ್ಣದ್ದು ಇದೆಯೇ ಎಂದು ವಿಚಾರಿಸಿದರು.

ಈಗ ಮನೆಯಲ್ಲಿ ಹೊಸ ತಲೆನೋವು. ಸಾರಿಗೆ ಉಪ್ಪು ಕಡಿಮೆಯಾದರೂ ಘೋಷಣೆ, ಸ್ನಾನಕ್ಕೆ ತಡವಾದರೂ ಘೋಷಣೆ. ದನಿ ತಗ್ಗಿಸುವ ಗುಂಡಿ ಯಾವುದೆಂದು ಕೂಡಲೇ ತಿಳಿಸು.

ಬಿಸಿ ಪೈಪುಗಳ ಹತ್ತಿರ ಹುಷಾರು. ಎಷ್ಟು ಬೈದರೂ ನಿನ್ನ ಒಳಿತನ್ನೇ ಬಯಸುವ,

ಅಕ್ಕ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ಇನ್ನು ನಿನ್ನ ಫೋನ್ ಬಂದರೆ ಅಪ್ಪನೇ ಎತ್ತುತ್ತಾರಂತೆ, ನಾನು ಮುಟ್ಟಕೂಡದಂತೆ. ಅವರು ಒಂದೊಂದೇ ಅಕ್ಷರ ಹುಡುಕಿ ಒತ್ತಬೇಕು. ಆ ಕಡೆ ಯಾರೂ ಇಲ್ಲವೆಂದು ಇಟ್ಟುಬಿಡಬೇಡ ಕಣೋ. ಕಾದಿರು.