ಭಾರಕ್ಕೊಂದು ಕುದುರೆ

ಸೆಪ್ಟೆಂಬರ್ 6, ಶುಕ್ರವಾರ

ಬೆಳಿಗ್ಗೆ ಎರಡು ಹೆಣ್ಣು ಕುದುರೆಮರಿಗಳಿಗೂ ಓಟಿಸ್‌ಗೂ ಹುಲ್ಲು ಹಾಕಿ, ಶಾಲೆಯ ಅಡುಗೆಮನೆಗೆ ಓಡಿದೆ. ಇವತ್ತು ಮಕ್ಕಳಿಗೆ ಮಾಂಸ-ಬೀನ್ಸ್ ಚಿಲಿ, ಜೊತೆಗೆ ದಾಲ್ಚಿನ್ನಿ ರೋಲ್. ಸಂಜೆ ಬಂದಾಗ ಓಟಿಸ್ ನನ್ನ ಕೈ ಬಿಡದೆ ನೆಕ್ಕಿದ. ಇಪ್ಪತ್ತೇಳು ವರ್ಷದ ಮುದಿ ಕುದುರೆ. ಚಪಲಕ್ಕೇನೂ ಕಡಿಮೆಯಿಲ್ಲ.

ಪಶುವೈದ್ಯೆ ಡಾಕ್ಟರ್ ಹ್ರುಸ್ಕಾ ಬಂದಿದ್ದಳು. ಮುಂಗಾಲಿನ ಮಂಡಿ ಒತ್ತಿ ನೋಡಿದಳು. ಅವಳು ಬಾಯಿ ಬಿಡುವ ಮೊದಲೇ ಗೊತ್ತಾಯಿತು.

"ಆರ್ಲಿಸ್ ಅವ್ರೇ, ಇನ್ನೊಂದು ಚಳಿಗಾಲ ಇವನಿಗೆ ಬೇಡ. ನೆಲ ಹೆಪ್ಪುಗಟ್ಟೋ ಮುಂಚೆ ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡೋಣ. ಹಿಮದಲ್ಲಿ ಬಿದ್ರೆ ಏಳಕ್ಕಾಗಲ್ಲ. ನರಳ್ತಾನೆ."

ಇಲ್ಲಿ ಎಲ್ಲರೂ ಮಾಡುವುದು ಹಾಗೇ. ನವೆಂಬರ್ ಬಂದಮೇಲೆ ನೆಲಕ್ಕೆ ಹಾರೆ ಇಳಿಯುವುದಿಲ್ಲ. ನನ್ನದು ಬಾಡಿಗೆ ಜಾಗ, ಹೂಳಲು ಮಾಲೀಕ ಬಿಡುವುದಿಲ್ಲ. ಹೂಳಬೇಕಾದ್ದು ನನ್ನ ತಮ್ಮ ವರ್ಲಿನ್‌ನ ಗುಡ್ಡದಲ್ಲಿ, ಅಪ್ಪನ ಕುದುರೆಗಳ ಪಕ್ಕ. ಅಲ್ಲಿಯವರೆಗೆ ಓಟಿಸ್ ನಡೆಯಲಾರ. ಕುದುರೆ ಸಾಗಿಸುವ ಟ್ರೇಲರ್ ಇದೆ, ಅದನ್ನು ಎಳೆಯುವ ಟ್ರಕ್ ಆಗಸ್ಟ್‌ನಲ್ಲೇ ಗೇರ್‌ಬಾಕ್ಸ್ ಹೋಗಿ ಗುಜರಿ ಸೇರಿತು.

"ಮೊದಲು ಒಂದು ಹಳೇ ಟ್ರಕ್ ಕೊಳ್ತೀನಿ. ಆಮೇಲೆ ನಾನೇ ಕರ್ಕೊಂಡು ಹೋಗ್ತೀನಿ" ಅಂದೆ. ಸರಿ ಅಂದಳು.

ಸೆಪ್ಟೆಂಬರ್ 8

ವರ್ಲಿನ್ ಫೋನ್.

"ಯಾಕಕ್ಕ ಇಷ್ಟೆಲ್ಲ ತಾಪತ್ರಯ? ನನ್ನ ಟ್ರಕ್ ಇಲ್ವಾ? ಶನಿವಾರ ಬಂದು ನಿನ್ನ ಟ್ರೇಲರ್ ಸಿಕ್ಕಿಸ್ಕೊಂಡ್ರೆ ಮುಗೀತು."

"ನನ್ನ ಕುದುರೆ. ನನ್ನ ಗಾಡೀಲೇ ಬರ್ತಾನೆ."

"ನಿನ್ನ ಹಠಕ್ಕಿಷ್ಟು!"

"ಹೂಂ. ಇಡು ಫೋನು."

ಹಠ ಅಂತ ಅವನು ಅಂದುಕೊಂಡರೆ ಅಂದುಕೊಳ್ಳಲಿ. ನನಗೆ ಈ ಶನಿವಾರ ಬೇಡವಾಗಿತ್ತು, ಅಷ್ಟೇ.

ಸೆಪ್ಟೆಂಬರ್ 14, ಶನಿವಾರ

ಮೊದಲ ಟ್ರಕ್. ಅರ್ಧ ಟನ್ ಹೊರುವಂಥದ್ದು, ಕೆಂಪು, ಫಳಫಳ. ಮಾರುವವನು ಅದಕ್ಕಿಂತ ಫಳಫಳ.

"ಏನು ಬೇಕಾದ್ರೂ ಎಳೆಯುತ್ತೆ ಮೇಡಂ. ಮನೇನೇ ಕಟ್ಟಿ, ಎಳೆಯುತ್ತೆ!"

"ಎಳೆಯೋದು ಬಿಡಿ. ನಿಲ್ಲಿಸುತ್ತಾ?"

ಅಪ್ಪ ಬೆಸುಗೆ ಹಾಕಿದ ಟ್ರೇಲರ್, ಪೂರಾ ಕಬ್ಬಿಣ. ಖಾಲಿಯಿದ್ದಾಗಲೇ ಟ್ರಕ್ಕಿನ ಹಿಂಭಾಗ ಕುಸಿಯುತ್ತದೆ. ಆದರೆ ಖಾಲಿ ಎಳೆದು ನೋಡಿ ಪ್ರಯೋಜನವಿಲ್ಲ, ಒಳಗೆ ಜೀವದ ಭಾರ ಬೇಕು. ಹೆಣ್ಣುಮರಿಗಳಿಗೆ ಇನ್ನೂ ಹತ್ತುವುದು ಬರುವುದಿಲ್ಲ. ಓಟಿಸ್‌ನನ್ನೇ ಹತ್ತಿಸಿದೆ.

ಹತ್ತಿಸಿದೆ ಅನ್ನುವುದು ಸುಳ್ಳು. ಟ್ರೇಲರ್ ಸಿಕ್ಕಿಸುವ ಸರಪಳಿ ಸದ್ದಾದದ್ದೇ ತಡ, ಗೇಟಿನ ಹತ್ತಿರ ಬಂದು ನಿಂತಿದ್ದ. ಕಿವಿ ನೆಟ್ಟಗೆ. ಹಗ್ಗವನ್ನು ನಾನು ಸುಮ್ಮನೆ ಹಿಡಿದಿದ್ದೆ, ತಾನೇ ಹತ್ತಿ ತನ್ನ ಮೂಲೆಯಲ್ಲಿ ನಿಂತ. ರೋಡಿಯೋ ಸವಾರಿ ಪಂದ್ಯಕ್ಕೆ ಹೊರಟಿದ್ದೇವೆ ಅಂದುಕೊಂಡಿದ್ದಾನೆ. ಹದಿನಾಲ್ಕು ಬೇಸಿಗೆ ಹಾಗೇ ಹೋಗಿದ್ದೆವಲ್ಲ, ನಾವಿಬ್ಬರೂ.

ಪೈನ್ ರಿಜ್ ಘಟ್ಟದ ಇಳಿಜಾರಿನಲ್ಲಿ ಟ್ರೇಲರೇ ಟ್ರಕ್ಕನ್ನು ನೂಕಿಕೊಂಡು ಹೋಯಿತು. ಬೆವರು ಕಿತ್ತುಬಂತು. ಬೇಡ ಅಂದೆ. ಓಟಿಸ್ ಮಾತ್ರ ಹಿಂದಿರುಗಿ ಬಂದು ಒಂದು ಎಳೆ ಹುಲ್ಲು ಬಿಡದೆ ತಿಂದ. ತಿಂಗಳಿಂದ ಹಾಗೆ ತಿಂದಿರಲಿಲ್ಲ.

ಸೆಪ್ಟೆಂಬರ್ 28

ಹಸಿರು ಟ್ರಕ್. ಮುಕ್ಕಾಲು ಟನ್. ಕೆಳಗೆ ಮಲಗಿ ನೋಡಿದೆ. ಚಾಸಿಸ್‌ಗೆ ಮಾರುವವನು ಹೊಸ ಕಪ್ಪು ಬಣ್ಣ ಹೊಡೆದಿದ್ದಾನೆ, ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಯಿತು. ಪೂರಾ ತುಕ್ಕು.

ಅಲ್ಲೇ ವಾಪಸ್ ಕಳಿಸಬಹುದಿತ್ತು. ಕಳಿಸಲಿಲ್ಲ... ಓಟಿಸ್ ಗೇಟಿಗೆ ಬಂದಾಗಿತ್ತು.

"ಎಳೆದು ನೋಡೋಣ" ಅಂದೆ. ಇವಳಿಗೆ ತುಕ್ಕು ಕಾಣಲಿಲ್ಲ ಅಂತ ಮಾರುವವನಿಗೆ ಖುಷಿಯೋ ಖುಷಿ. ರಿಜ್‌ವರೆಗೆ ಹೋದೆವು. ಗಾಜು ಇಳಿಸಿ ನಿಧಾನಕ್ಕೆ ಓಡಿಸಿದೆ. ಕನ್ನಡಿಯಲ್ಲಿ ಟ್ರೇಲರ್ ಸಂದಿಯಿಂದ ಓಟಿಸ್‌ನ ಮೂತಿ ಕಾಣುತ್ತಿತ್ತು, ಗಾಳಿ ಕುಡಿಯುತ್ತಿದ್ದ. ನಾನೂ ಹಾಡು ಗುನುಗಿದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿ ನೋಡಿದ್ದೂ ಆಯಿತು, ಬರಿಯ ನಾಟಕಕ್ಕೆ.

ಅಕ್ಟೋಬರ್ 5, ಶನಿವಾರ

ಇದನ್ನು ಬರೆಯದೆ ಬಿಡಬೇಕು ಅಂತಿದ್ದೆ.

ಮಿಸೆಸ್ ಸ್ವೊಬೊಡಾ ಬಿಳಿ ಡೀಸೆಲ್ ಟ್ರಕ್ ತಂದಿದ್ದರು. ಗಂಡ ಏಪ್ರಿಲ್‌ನಲ್ಲಿ ತೀರಿಕೊಂಡರಂತೆ, ಅವರದು. ಮುಕ್ಕಾಲು ಟನ್, ಹಳೆಯದು, ಬೆಲೆ ನನ್ನ ಕೈಗೆಟುಕುವಂಥದ್ದು. ಗೇರ್ ಎಣ್ಣೆ ತೆಗೆದು ಮೂಸಿದೆ, ಸುಟ್ಟ ವಾಸನೆಯಿಲ್ಲ. ತುಕ್ಕಿಲ್ಲ. ಟ್ರೇಲರ್ ಬ್ರೇಕಿನ ಗುಂಡಿ ಕೂಡ ಆ ಯಜಮಾನರೇ ಅಂದವಾಗಿ ಕೂರಿಸಿದ್ದರು. ಇಳಿಜಾರಿನಲ್ಲಿ ಒಂದೇ ಒತ್ತು. ಕಬ್ಬಿಣ, ಕುದುರೆ, ಎಲ್ಲ ಸೇರಿ ಹೇಳಿದಲ್ಲಿ ನಿಂತಿತು. ಇದಕ್ಕಿಂತ ಒಳ್ಳೆಯ ಗಾಡಿ ನನಗೆ ಈ ಜನ್ಮದಲ್ಲಿ ಸಿಗುವುದಿಲ್ಲ.

ಅಂಗಳಕ್ಕೆ ಬಂದೆವು. ಮಿಸೆಸ್ ಸ್ವೊಬೊಡಾ ಚೀಲದಿಂದ ಕ್ಯಾರೆಟ್ ತೆಗೆದು, ಸಣ್ಣಗೆ ಮುರಿದು ಓಟಿಸ್‌ಗೆ ತಿನ್ನಿಸುತ್ತಿದ್ದರು.

"ಎಷ್ಟು ಜಾಣ! ನಮ್ಮನೆಯವ್ರು ಇದ್ದಿದ್ರೆ ಇವನನ್ನ ಬಿಟ್ಟು ಬರ್ತಾನೇ ಇರ್ಲಿಲ್ಲ. ಹೇಗಿದೆಯಮ್ಮ ಗಾಡಿ?"

ಹೂಂ ಅಂದರೆ ಮುಗಿಯಿತು. ಹೂಂ ಅಂದರೆ ಮುಂದಿನ ಶನಿವಾರವೇ ಗುಡ್ಡಕ್ಕೆ.

"ಬ್ರೇಕ್ ಸ್ವಲ್ಪ ಮೆತ್ತಗಿದೆ ಅನ್ಸುತ್ತೆ" ಅಂದೆ.

ಅವರ ಮುಖ ಸಣ್ಣದಾಯಿತು. "ಹೌದಾ? ಅವ್ರು ಹಾಗೆಲ್ಲ ಬಿಡೋರಲ್ಲ... ಕೊನೆಕೊನೆಗೆ ಕೈಲಾಗ್ತಿರ್ಲಿಲ್ವೇನೋ. ಒಳ್ಳೇದಾಯ್ತಮ್ಮ ಹೇಳಿದ್ದು. ಇನ್ಯಾರಾದ್ರೂ ಕೇಳಿದ್ರೆ ಮೊದಲೇ ಹೇಳ್ಬಿಡ್ತೀನಿ. ಯಾರ ಪ್ರಾಣಕ್ಕೂ ಅಪಾಯ ಆಗ್ಬಾರ್ದು."

ಸತ್ತ ಮನುಷ್ಯನ ಕೆಲಸಕ್ಕೆ ಮಸಿ ಬಳಿದೆ. ಕ್ಯಾರೆಟ್ ತಿನ್ನಿಸಿದ ಹೆಂಗಸಿಗೆ ಸುಳ್ಳು ಹೇಳಿದೆ. ಥೂ.

ಸಂಜೆ ವರ್ಲಿನ್: "ಅಕ್ಕ, ನೀನು ಹುಡುಕ್ತಿರೋದು ಟ್ರಕ್ಕೋ ಗಂಡೋ? ಒಂದಕ್ಕೆ ಮೂಗು ಸರಿಯಿಲ್ಲ, ಒಂದಕ್ಕೆ ನಡತೆ ಸರಿಯಿಲ್ಲ!"

ನಕ್ಕೆ. ನಗು ಬಂದದ್ದಕ್ಕೂ ನಾಚಿಕೆಯಾಯಿತು.

ಅಕ್ಟೋಬರ್ 19

ಎರಡೂ ಮಂಡಿ ಊದಿವೆ. ಹ್ರುಸ್ಕಾಳನ್ನು ಕರೆಸಿದೆ.

"ಇವನನ್ನ ಟ್ರೇಲರ್‌ನಲ್ಲಿ ಎಲ್ಲಿಗಾದ್ರೂ ಕರ್ಕೊಂಡು ಹೋಗಿದ್ರಾ?"

"ಒಂದ್ಸಲ."

ಒಂದು ಸಲವಲ್ಲ. ಕಳೆದ ವಾರವೂ ಒಬ್ಬನನ್ನು ಕರೆಸಿದ್ದೆ, ಇಲ್ಲಿ ಬರೆಯಲಿಲ್ಲ. ಟ್ರಕ್ಕಿನ ಬಣ್ಣ ಕೂಡ ನೆನಪಿಲ್ಲ.

"ಇನ್ಮೇಲೆ ಬೇಡ. ಕೊನೇ ಸಲ ಗುಡ್ಡಕ್ಕೆ ಹೋಗೋದು ಬಿಟ್ರೆ ಎಲ್ಲಿಗೂ ಬೇಡ. ನಮಗೆ ಗೊತ್ತಾಗಲ್ಲ, ಆದ್ರೆ ಒಂದೊಂದು ತಿರುವಲ್ಲೂ ಈ ಮಂಡಿ ಊರಿಕೊಂಡೇ ನಿಲ್ಬೇಕು ಅವನು. ಬ್ರೇಕ್ ಹಾಕಿದಾಗಂತೂ ಇಡೀ ಮೈ ಭಾರ ಮುಂಗಾಲಿಗೇ ಬರುತ್ತೆ. ಪ್ರಾಣ ಹೋದಂಗಾಗುತ್ತೆ."

ಪ್ರತಿ ಸಲ ಇಳಿಜಾರಿನಲ್ಲಿ ಒತ್ತಿದ್ದೆನಲ್ಲ. ಬೇಕೆಂದೇ. ಜೋರಾಗಿ. ಆ ಹಸಿರು ಗಾಡಿಯಲ್ಲಿ ಬರಿಯ ನಾಟಕಕ್ಕೆ.

ಅವನಿಗೆ ಖುಷಿ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ. ಖುಷಿಯೂ ಇತ್ತು, ಅದೇ ಹೊಟ್ಟೆ ಉರಿಸುವುದು. ನೋಯುತ್ತದೆ ಅಂತ ಗೊತ್ತಿದ್ದೂ ಪ್ರತಿ ಸಲ ತಾನೇ ಹತ್ತಿದ.

ಅಕ್ಟೋಬರ್ 21, ಸೋಮವಾರ

ಶಾಲೆಯಿಂದಲೇ ಮಿಸೆಸ್ ಸ್ವೊಬೊಡಾಗೆ ಫೋನ್ ಮಾಡಿದೆ. ಬಿಳಿ ಟ್ರಕ್ ಕೊಳ್ಳುತ್ತೇನೆ, ಹೇಳಿದ ಬೆಲೆಗೇ, ಅನ್ನಬೇಕು ಅಂತ.

"ಅಯ್ಯೋ, ಹೋದ ವಾರ ಕೊಟ್ಬಿಟ್ಟೆನಲ್ಲಮ್ಮ! ಬ್ರೇಕ್ ವಿಷ್ಯ ನಾನೇ ಹೇಳ್ದೆ. ಅವ್ರು ಅರ್ಧಕ್ಕೆ ಕೇಳಿದ್ರು, ಕೊಟ್ಟೆ. ಹೋಗ್ಲಿ, ಮನಸ್ಸಿಗೆ ಸಮಾಧಾನ ಇದೆ. ಕುದುರೆ ಹೇಗಿದ್ದಾನೆ?"

ಚೆನ್ನಾಗಿದ್ದಾನೆ ಅಂದೆ. ಬ್ರೇಕ್ ಸರಿಯಾಗಿತ್ತು ಅನ್ನಲಿಲ್ಲ. ಬಾಯಿಗೆ ಬಂದಿತ್ತು. ಇಪ್ಪತ್ತೆಂಟು ವರ್ಷದಿಂದ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂತ ಸೌಟು ತೋರಿಸುತ್ತಾ ಬಂದಿದ್ದೇನೆ.

ಅಕ್ಟೋಬರ್ 27

ವರ್ಲಿನ್: "ನಾನೇ ಬರ್ಲಾ ಅಕ್ಕ?"

"ಮುಂದಿನ ವಾರ ನೋಡೋಣ. ಬಿಸಿಲು ಚೆನ್ನಾಗಿದೆ. ಊತ ಇಳಿದಿದೆ."

ಈ ಸಲ ಅವನು ತಮಾಷೆ ಮಾಡಲಿಲ್ಲ.

ನವೆಂಬರ್ 20, ಬುಧವಾರ. ಬೆಳಿಗ್ಗೆ ಏಳು

ಹಿಮ. ಓಟಿಸ್ ಬಿದ್ದಿದ್ದ. ಯಾವಾಗ ಬಿದ್ದನೋ ಗೊತ್ತಿಲ್ಲ, ಬೆನ್ನ ಮೇಲೆ ಹಿಮ ಗಟ್ಟಿಯಾಗಿತ್ತು. ಕೂಗಿದೆ, ಎಳೆದೆ, ಕಾಲಿಗೆ ಬಿದ್ದು ಬೇಡಿದೆ. ಕೊನೆಗೆ ಹೇಗೋ ಎದ್ದ. ನಡುಗುತ್ತಿದ್ದಾನೆ.

ವರ್ಲಿನ್‌ಗೆ ಫೋನ್ ಮಾಡಿ, "ಬಾ" ಅಂದೆ. ಆಮೇಲೆ ನೆನಪಾಯಿತು. "ನೆಲ... ಈಗ ಅಗೆಯೋದು ಹೇಗೋ?"

"ಗುಂಡಿ ಅಕ್ಟೋಬರಲ್ಲೇ ತೋಡಿಟ್ಟಿದ್ದೀನಿ. ಮೇಲೆ ಹಲಗೆ ಹಾಕಿ ಹುಲ್ಲಿನ ಹೊರೆ ಪೇರಿಸಿದ್ದೀನಿ, ಹೆಪ್ಪುಗಟ್ಟಿಲ್ಲ. ಹೊರಟೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಂಗೇ ಬೈತಿದ್ದೆ."

ಹತ್ತೂವರೆ

ಬಂದ. ಟ್ರೇಲರ್ ಸಿಕ್ಕಿಸಿದ. ಸರಪಳಿ ಸದ್ದಿಗೆ ಓಟಿಸ್ ತಲೆ ಎತ್ತಿದ. ಒಂದೊಂದೇ ಹೆಜ್ಜೆ ಇಟ್ಟು ಟ್ರೇಲರ್ ಬಾಗಿಲವರೆಗೆ ಬಂದ. ಕಾಲೆತ್ತಿದ. ಮೇಲೆ ಇಡಲಾಗಲಿಲ್ಲ. ಮತ್ತೆ ಎತ್ತಿದ, ಮತ್ತೆ. ನನ್ನ ಕಡೆ ನೋಡಿದ. ತಪ್ಪು ಮಾಡಿದವನ ಹಾಗೆ ನೋಡಿದ. ಅವನು!

"ನೂಕ್ಬೇಡ ಅಕ್ಕ" ಅಂದ ವರ್ಲಿನ್. "ಇಲ್ಲೇ ಆಗ್ಲಿ. ಆಮೇಲೆ ನಾನು ಹೇಗಾದ್ರೂ ತಗೊಂಡು ಹೋಗ್ತೀನಿ." ಹ್ರುಸ್ಕಾಗೆ ಫೋನ್ ಮಾಡಿದ.

ಅಕ್ಟೋಬರ್‌ನಲ್ಲಿ ಆಗಿದ್ದರೆ ಕಿವಿ ನೆಟ್ಟಗೆ ಮಾಡಿಕೊಂಡು ಹತ್ತಿ ಹೋಗುತ್ತಿದ್ದ. ರೋಡಿಯೋಗೆ ಅಂದುಕೊಂಡೇ ಹೋಗುತ್ತಿದ್ದ. ಅದನ್ನೂ ಅವನಿಂದ ಕಿತ್ತುಕೊಂಡೆ.

"ಆ ಬಿಳೀ ಗಾಡಿ ಬ್ರೇಕ್ ಚೆನ್ನಾಗೇ ಇತ್ತು ಕಣೋ" ಅಂದೆ. ವರ್ಲಿನ್‌ಗೆ ಅರ್ಥವಾಯಿತು. ಆಮೇಲೆ ಟೋಪಿ ತೆಗೆದು, ಓಟಿಸ್ ಕುತ್ತಿಗೆಯ ಹಿಮ ಒರೆಸತೊಡಗಿದ. ನನ್ನ ಕಡೆ ತಿರುಗಲಿಲ್ಲ.

ಒಳಗೆ ಬಂದಿದ್ದೇನೆ. ಬಿಸಿನೀರಿಗೆ ತೌಡು, ಸ್ವಲ್ಪ ಕಾಕಂಬಿ ಹಾಕಿ ಮುಚ್ಚಿಟ್ಟಿದ್ದೇನೆ, ಕೊನೆಗೊಮ್ಮೆ ಹೊಟ್ಟೆ ಬೆಚ್ಚಗಾಗಲಿ ಅಂತ. ಅದು ನೆನೆಯುವವರೆಗೆ ಈ ಬರಹ. ಕಿಟಕಿಯಲ್ಲಿ ಕಾಣುತ್ತಿದ್ದಾರೆ ಇಬ್ಬರೂ. ಓಟಿಸ್ ಇನ್ನೂ ಟ್ರೇಲರ್ ಬಾಗಿಲಲ್ಲೇ ನಿಂತಿದ್ದಾನೆ, ನಡುಗುತ್ತಾ.

ಹ್ರುಸ್ಕಾಳ ಗಾಡಿ ಬಂತು. ಚೀಲ ತೆಗೆದುಕೊಳ್ಳುತ್ತಿದ್ದಾಳೆ. ತೌಡು ಇನ್ನೂ ನೆಂದಿಲ್ಲ. ಹತ್ತೇ ನಿಮಿಷ ಕಾಯಿ ಅಂತ ಹೇಳಿಬರುತ್ತೇನೆ, ಹತ್ತೇ —