ಶರತ್ಕಾಲದ ಒಂಟಿ ಸೀಟು

ಚೈತ್ರ ಮೂವತ್ತೆಂಟು, 2231
ಬಡಗಣ ಸರೋವರನಾಡು, ಈಚೆ ದಡದ ಹಾಸ್ಟೆಲ್

ಸುಮೇಧಾ ಅಜ್ಜಿಗೆ,

ಗುರುತು ಪರಿಚಯ ಇಲ್ಲದೆ ಬರೆಯುತ್ತಿರುವುದಕ್ಕೆ ಮೊದಲು ಕ್ಷಮಿಸಿ. ನಿಮಗೀಗ ಇಪ್ಪತ್ತೆರಡು ವರ್ಷ, ಅಜ್ಜಿ ಎಂದರೆ ಬೇಜಾರಾಗಬಹುದು. ಆದರೆ ನಿಮ್ಮಿಂದ ಎಣಿಸಿದರೆ ನಾನು ಎಂಟನೇ ತಲೆಮಾರು, ಬೇರೇನೆಂದು ಕರೆಯಲಿ? ನನ್ನ ಕನ್ನಡ ಹಾಸ್ಟೆಲ್‌ನಲ್ಲಿ ಕಲಿತದ್ದು, ಅರ್ಧಕ್ಕರ್ಧ ಇಂಗ್ಲಿಷ್. ಮಾತು ವಿಚಿತ್ರ ಅನ್ನಿಸಿದರೆ ಅಡ್ಜಸ್ಟ್ ಮಾಡಿಕೊಳ್ಳಿ. ಮೇಲಿನ ತಾರೀಖು ಮಾತ್ರ ತಪ್ಪಲ್ಲ. ಸರೋವರದ ಕೊನೆಯ ಐಸ್ ಕರಗುವವರೆಗೆ ಇಲ್ಲಿ ಚೈತ್ರವನ್ನು ಮುಗಿಸುವುದಿಲ್ಲ.

ಇದು ಹಿಂದಂಚೆಯಲ್ಲಿ ಬರುತ್ತಿದೆ, ಅಂದರೆ ಕಳೆದ ಕಾಲಕ್ಕೆ ಹೋಗಿ ಉತ್ತರ ತರುವ ಅಂಚೆ. ಫಸ್ಟ್ ಇಯರ್‌ನವರಿಗೆ ತಲೆಗೊಂದೇ ಕಾಗದ. ಅದನ್ನು ನಿಮಗೆ ಬರೆಯುತ್ತಿರುವುದಕ್ಕೆ ಕಾರಣ ಇದೆ. ನಮ್ಮ ವಂಶದಲ್ಲಿ ಈ ಸರೋವರಗಳಲ್ಲಿ ಒಂಟಿಯಾಗಿ ದೋಣಿಗೆ ಹುಟ್ಟು ಹಾಕಿದವರು ನೀವೊಬ್ಬರೇ ಅಂತೆ.

ನಮ್ಮ ಕಾಲೇಜು ಆಚೆ ದಡದಲ್ಲಿದೆ. ಮೊದಲ ವರ್ಷ ಈಚೆ ಓದಿ, ಎರಡನೆಯ ವರ್ಷಕ್ಕೆ ನಾವೇ ದೋಣಿ ನಡೆಸಿಕೊಂಡು ದಾಟಬೇಕು. ಎರಡು ದಿನದ ದಾರಿ, ನಡುವಿನ ದ್ವೀಪದಲ್ಲಿ ಒಂದು ರಾತ್ರಿ. ವಸಂತ, ಬೇಸಿಗೆ, ಶರತ್ಕಾಲ, ಯಾವಾಗ ದಾಟುತ್ತೇವೆ ಎಂದು ಶುಕ್ರವಾರದೊಳಗೆ ಫಾರ್ಮ್‌ನಲ್ಲಿ ಬರೆದುಕೊಡಬೇಕು. ಬರೆದ ಮೇಲೆ ಬದಲಾಯಿಸುವಂತಿಲ್ಲ. ವಸಂತಕ್ಕೂ ಬೇಸಿಗೆಗೂ ಇಬ್ಬರು ಕೂರುವ ಕೆನೂ ದೋಣಿ ಕೊಡುತ್ತಾರೆ. ಶರತ್ಕಾಲಕ್ಕೆ ಒಬ್ಬರೇ ಕೂರುವ ಕಯಾಕ್.

ರೂಮ್‌ಮೇಟ್ ಸುನೇತ್ರಾ ಜೊತೆ ವಸಂತದಲ್ಲೇ ಹೋಗುವುದೆಂದು ನಾನು ಡಿಸೆಂಬರಿನಲ್ಲೇ ತೀರ್ಮಾನಿಸಿಬಿಟ್ಟಿದ್ದೆ. ಹೋದ ವಾರ ಸ್ವೆಟರ್ ಬೇಡದಷ್ಟು ಬಿಸಿಲು. ದೋಣಿ ಕಲಿಸುವ ಕರಿಬಸಮ್ಮ ಮೇಡಂ ನನ್ನ ಖುಷಿ ನೋಡಿ, "ಬಿಸಿಲು ಕಂಡು ಕುಣೀಬೇಡ್ವೇ ತಾಯಿ, ದೋಣಿ ಮಗುಚಿದ್ರೆ ನೀನು ಬೀಳೋದು ಬಿಸಿಲಿಗಲ್ಲ" ಎಂದರು. ಇಲ್ಲಿ ವಸಂತ ಕೇಳುವವರು ಮೊದಲು ಮೊಣಕಾಲೆತ್ತರದ ನೀರಿನಲ್ಲಿ ನಿಂತು ನೂರರವರೆಗೆ ಎಣಿಸಬೇಕು. ಮೂವತ್ತೊಂದಕ್ಕೆ ನನ್ನ ಕಾಲು ನನ್ನದಲ್ಲ ಅನ್ನಿಸಿತು. ಓಡಿ ಬಂದೆ.

ಸುನೇತ್ರಾ ನೀರಿನಲ್ಲೇ ನಿಂತು, "ಮ್ಯಾಥ್ಸ್‌ನಲ್ಲಿ ಫಸ್ಟ್ ಬರ್ತೀಯ, ನೂರು ಎಣಿಸೋಕಾಗಲ್ವೇನೇ?" ಎಂದು ನಕ್ಕಳು. ಅವಳು ಪೂರ್ತಿ ಎಣಿಸಿದಳು. ಸಂಜೆಯೊಳಗೆ ಪಕ್ಕದ ರೂಮಿನವಳ ಜೋಡಿಯಾದಳು. ಅವಳದೇನೂ ತಪ್ಪಿಲ್ಲ, ಜೋಡಿ ಇಲ್ಲದೆ ಬಿಡುವುದಿಲ್ಲವಲ್ಲ. ಈಗ ರೂಮಿನಲ್ಲಿ ಅವಳು ಪ್ಯಾಕ್ ಮಾಡುತ್ತಾಳೆ, ನಾನು ಓದುತ್ತಿರುವಂತೆ ಕೂತಿರುತ್ತೇನೆ.

ಬೇಸಿಗೆಯಲ್ಲಿ ಸೊಳ್ಳೆ ಮುತ್ತುತ್ತದೆ, ಮುಖಕ್ಕೆ ಬಲೆ ಕಟ್ಟಿಕೊಂಡೇ ಊಟ. ಮಧ್ಯಾಹ್ನವಾದರೆ ಗಾಳಿ ಎದ್ದು ಅಲೆ ದೋಣಿಯೊಳಗೆ ಬರುತ್ತದೆ. ಅದನ್ನೆಲ್ಲ ತಡೆದುಕೊಂಡೇನು, ಆದರೆ ಅಲ್ಲಿಯೂ ಜೋಡಿಗಳೆಲ್ಲ ಆಗಿಹೋಗಿವೆ. ಬೇಸಿಗೆಯೇ ಬೇಕೆಂದರೆ ಮುಂದಿನ ವರ್ಷದ ಬ್ಯಾಚ್ ಬರುವವರೆಗೆ ಇಲ್ಲೇ ಉಳಿಯಬೇಕು.

ಉಳಿದದ್ದು ಶರತ್ಕಾಲ. ಆಗ ಸೊಳ್ಳೆ ಸತ್ತಿರುತ್ತದೆ, ಬೇಸಿಗೆಯ ಬಿಸುಪು ನೀರಿನಲ್ಲಿ ಇನ್ನೂ ಸ್ವಲ್ಪ ಉಳಿದಿರುತ್ತದೆ, ಬೆಳಗಿನ ಹೊತ್ತು ಎಲೆ ಅಲ್ಲಾಡುವಷ್ಟೂ ಗಾಳಿ ಇರುವುದಿಲ್ಲ. "ಅದೇ ಎಲ್ಲಕ್ಕಿಂತ ಒಳ್ಳೇ ಕಾಲ, ಯಾರನ್ನ ಬೇಕಾದ್ರೂ ಕೇಳು" ಎಂದ ಮೇಡಂ, ಅದರ ಹಿಂದೆಯೇ, "ಕೇಳೋಕೆ ಆಗ ಯಾರೂ ಇರಲ್ಲ ಅನ್ನೋದೊಂದೇ" ಎಂದರು. ಕಳೆದ ಮೂರು ವರ್ಷದಲ್ಲಿ ಆ ಕಾಲಕ್ಕೆ ಹೆಸರು ಕೊಟ್ಟವರೇ ಇಲ್ಲ.

ಅಜ್ಜಿ, ನಾನು ನೀರಿಗೆ ಹೆದರುತ್ತಿಲ್ಲ. ಈಜು ಬರುತ್ತದೆ, ಮಗುಚಿದ ಕಯಾಕನ್ನು ಎತ್ತಲೂ ಬರುತ್ತದೆ. ಆದರೆ ಆರು ವರ್ಷದವಳಿಂದ ಹಾಸ್ಟೆಲ್‌ನಲ್ಲಿ ಬೆಳೆದವಳು. ಪಕ್ಕದ ಮಂಚದಲ್ಲಿ ಯಾರೋ ಉಸಿರಾಡುವ ಸದ್ದಿಲ್ಲದೆ ಒಂದು ದಿನವೂ ಮಲಗಿಲ್ಲ. ಆ ದ್ವೀಪದಲ್ಲಿ ರಾತ್ರಿ ಒಬ್ಬಳೇ ಮಲಗಬೇಕು.

ನೀವು ಹೋದದ್ದು ಯಾವ ತಿಂಗಳು ಎಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಭಯವಾಗಿತ್ತೇ ಎಂದು ನಿಮ್ಮನ್ನು ಯಾರೂ ಕೇಳಿಲ್ಲ. ನಾನು ಕೇಳುತ್ತಿದ್ದೇನೆ. ಸಮಾಧಾನಕ್ಕೆ ಸುಳ್ಳು ಬರೆಯಬೇಡಿ. ಭಯವಾಗಿತ್ತು, ಆದರೂ ಬೆಳಗಾಯಿತು ಎಂದಷ್ಟೇ ಬರೆದರೂ ಶರತ್ಕಾಲ ಎಂದು ತುಂಬಿಬಿಡುತ್ತೇನೆ.

ಶುಕ್ರವಾರಕ್ಕೆ ಇನ್ನು ಮೂರೇ ದಿನ. ದಯವಿಟ್ಟು ಬೇಗ ಉತ್ತರ ಬರೆಯಿರಿ.

ನಿಮ್ಮ
ಇಂಚರಾ