ಅಪ್ಪನ ಕ್ಯಾಮೆರಾ ರಿಪೇರಿ

ರಿಪೇರಿ ಅಂಗಡಿಯಿಂದ,
ಮಾರ್ಚ್ ೧೧, ಮಧ್ಯಾಹ್ನ

ನನ್ನ ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ತಂಗಿ ಬಾಣಂತನದಲ್ಲಿ ಸುಧಾರಿಸಿಕೊಂಡಳಾ? ಕೂಸು ಅಳಲು ಶುರುಮಾಡಿದರೆ ಇಡೀ ಬೀದಿ ಎದ್ದು ಕೂರುತ್ತದಂತೆ. ಗಂಟಲು ಸೋದರಮಾವನದೇ ಬಂದಿದೆ, ಏನೂ ಮಾಡಲಾಗದು.

ಇಲ್ಲಿ ನಾವಿಬ್ಬರು ಗಂಡಸರು, ಒಬ್ಬ ಬೇಯಿಸಿದ್ದನ್ನು ಇನ್ನೊಬ್ಬ ಬೈದುಕೊಂಡು ತಿನ್ನುತ್ತಿದ್ದೇವೆ. ನನಗಂತೂ ಸಾಕುಸಾಕಾಗಿದೆಯಮ್ಮ. ಅಪ್ಪನ ಹಳೇ ಕ್ಯಾಮೆರಾ, ನೀನು ಸವತಿ ಅಂತ ಬೈಯುತ್ತಿದ್ದೆಯಲ್ಲ, ಅದರದ್ದೇ ಗೋಳು. ಅದರ ಕಿಂಡಿಗೆ ಕಣ್ಣಿಟ್ಟರೆ ನಡುವೆ ಒಂದು ಹಳದಿ ಚೌಕ, ಅದರೊಳಗೆ ಒಬ್ಬರೇ ಇಬ್ಬರಾಗಿ ಕಾಣುತ್ತಾರೆ. ಲೆನ್ಸಿನ ಬಳೆ ತಿರುಗಿಸಿ ಇಬ್ಬರನ್ನೂ ಒಂದುಮಾಡಿದರೆ ಫೋಟೊ ಸ್ಪಷ್ಟ. ಈಗ ಅಪ್ಪನಿಗೆ ಅವರಿಬ್ಬರು ಒಂದಾಗುತ್ತಲೇ ಇಲ್ಲ. "ಲೋ, ಒಳಗೇನೋ ಕೆಟ್ಟಿದೆ ಕಣೋ, ಬಿಚ್ಚಿ ನೋಡು" ಎಂದು ತಂದಿಡುತ್ತಾರೆ. ನಾನು ಮೇಲಿನ ತಗಡು ಬಿಚ್ಚುತ್ತೇನೆ, ಒಳಗಿನ ಪುಟ್ಟ ಕನ್ನಡಿಯ ಧೂಳು ಊದುತ್ತೇನೆ, ಎದುರಿನ ಕಂಬಕ್ಕೆ ಹಿಡಿದು ನೋಡುತ್ತೇನೆ. ಕೂದಲೆಳೆಯಷ್ಟೂ ಆಚೀಚೆ ಇರುವುದಿಲ್ಲ. ಮುಚ್ಚಿ, "ಸರಿಹೋಯ್ತಪ್ಪ" ಎನ್ನುತ್ತೇನೆ. ಅವರು ಖುಷಿಯಾಗಿ ಚರ್ಮದ ಕವಚಕ್ಕೆ ಹಾಕಿ, ಗುಂಡಿ ಟಕ್ ಎನ್ನಿಸಿ ಹೋಗುತ್ತಾರೆ. ಎರಡು ದಿನಕ್ಕೆ ಮತ್ತೆ ಹಾಜರು. ಗಟ್ಟಿಮುಟ್ಟಾದ ರೋಗಿಯ ಹೊಟ್ಟೆಯನ್ನು ಇಷ್ಟು ಸಲ ಕೊಯ್ದವನು ನಾನೊಬ್ಬನೇ ಇರಬೇಕು.

ನೋಡುವ ಕಿಂಡಿಗೆ ತಿರುಪಿ ಕೂರಿಸುವ ಪವರ್ ಗಾಜು ಸಿಗುತ್ತದೆ. ಹುಡುಕಿ ತಂದು ಹಾಕಿದೆ. "ಕ್ಯಾಮೆರಾಗೆ ಕನ್ನಡಕ ಹಾಕ್ತೀಯೇನೋ ಪೆದ್ದಾ?" ಎಂದು ಕಿತ್ತು ಕೈಗಿಟ್ಟರು. ಲೆನ್ಸಿನ ಮುಂದೆ ಬಿಸಿಲು ತಡೆಯಲು ಹಾಕುವ ಹುಡ್ ಇದೆಯಲ್ಲ, ಮೊನ್ನೆ ಅದನ್ನು ಕೂರಿಸಲಾಗದೆ ಬಹಳ ಹೊತ್ತು ತಡಕಾಡಿದರು. ನಾನು ನೋಡುತ್ತಿದ್ದೇನೆಂದು ತಿಳಿದು, "ಬಿಸಿಲೆಲ್ಲಿದೆ ಬಿಡು" ಎಂದು ಜೇಬಿಗಿಳಿಸಿದರು. ಬಿಸಿಲು ಸುಡುತ್ತಿತ್ತಮ್ಮ.

ಪೊರೆ ಬಲಿತಿದೆ, ಆಪರೇಷನ್ ತಡಮಾಡಬೇಡಿ ಎಂದು ಕಣ್ಣಿನ ಡಾಕ್ಟರು ಹೇಳಿಯಾಗಿದೆ. ಅಪ್ಪ ಕಿವಿಗೆ ಹಾಕಿಕೊಳ್ಳುತ್ತಿಲ್ಲ. ನಿನಗೆ ಬಾಯಿಬಿಡಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ನಾನು ಬಾಯಿಬಿಟ್ಟಿಲ್ಲ, ಪೆನ್ನು ಹಿಡಿದಿದ್ದೇನೆ. ತಮಾಷೆ ಮಾಡಿ ಮಾಡಿ ದವಡೆ ಸೋತಿದೆ. ಆ ತಿರುಪುಗಳನ್ನು ಇನ್ನೊಮ್ಮೆ ಬಿಚ್ಚಲು ಕೈ ಬರುತ್ತಿಲ್ಲ.

ಕೂಸಿಗೆ ಮುತ್ತು, ತಂಗಿಯ ಬೆನ್ನಿಗೊಂದು ಗುದ್ದು, ನಿನ್ನ ಕಾಲಿಗೆ ನನ್ನ ಹಣೆ.

ನಿನ್ನ ಬಾಯಿಬಡುಕ ಮಗ

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಅಪ್ಪ ಬಂದರು. ಬಾಗಿಲಲ್ಲೇ ನಿಂತು, ನನ್ನ ಮುಖವನ್ನೇ ನೋಡುತ್ತಾ, "ನಮ್ಮ ಹುಡುಗ ಇಲ್ವೇನ್ರೀ?" ಎಂದರು. "ನಾನೇ ಅಪ್ಪ" ಎಂದೆ. ಬಂದು ಕೂತರು. ಆಮೇಲೆ ಕ್ಯಾಮೆರಾ ನನ್ನ ಕಡೆ ತಳ್ಳಿ, "ಬಿಚ್ಚಬೇಡ. ಅದು ಸರಿಯಾಗೇ ಇದೆ ಅಂತ ನಂಗೂ ಗೊತ್ತು" ಎಂದರು. ಆಪರೇಷನ್‌ಗೆ ಒಪ್ಪಿದ್ದಾರೆ. ಆದರೆ ನೀನು ಬರುವವರೆಗೆ ಯಾರನ್ನೂ ಕಣ್ಣು ಮುಟ್ಟಗೊಡುವುದಿಲ್ಲವಂತೆ. ಸಿಕ್ಕಿದ ಬಸ್ಸಿಗೆ ಹೊರಡಮ್ಮ. ನೀನು ಬರಲೇಬೇಕು ಯಾಕೆಂದು ಕೇಳಿದ್ದಕ್ಕೆ ನನಗೇ ಬೈದರು: "ಪಟ್ಟಿ ಬಿಚ್ಚಿದಾಗ ಎದುರಿಗೆ ಅವಳು ಕೂತಿರ್ಬೇಕು. ನಿನ್ನ ಮೂತಿ ನೋಡೋಕೆ ಇಷ್ಟೆಲ್ಲ ಯಾಕೋ?"